ಪರದೆಯಲ್ಲಿ ನಿಂತುಹೋದ ಭೀಮಾ ನದಿ

ದೇವಣಗಾಂವದಿಂದ ತುಸು ದೂರದಲ್ಲಿ, ಭೀಮಾ ನದಿಯ ಪಾತ್ರದೊಳಗೆ ಒಂದು ಜಾಕ್‌ವೆಲ್ ಇದೆ. ದಂಡೆಯ ಮೇಲೆ ನಿಂತು ನೋಡಿದರೆ ನೀರಿನ ನಡುವೆ ಎದ್ದು ನಿಂತ ದುಂಡನೆಯ ಕಾಂಕ್ರೀಟ್ ಗೋಪುರ. ಅದರ ಹೊಟ್ಟೆಯೊಳಗೆ ನದಿಯ ನೀರು ಬಂದು ತುಂಬುತ್ತದೆ. ಮೇಲಿನ ಅಂತಸ್ತಿನ ಮೋಟಾರುಗಳು ಅದನ್ನು ಎತ್ತಿ ಮೋರಟಗಿ ರಸ್ತೆಯ ದಿಬ್ಬದ ಮೇಲಿರುವ ಶುದ್ಧೀಕರಣ ಘಟಕಕ್ಕೆ ದೂಡುತ್ತವೆ. ಅಲ್ಲಿಂದ ಸುತ್ತಲಿನ ಹಳ್ಳಿಗಳ ನಲ್ಲಿಗಳಿಗೆ ಹೋಗುತ್ತದೆ. ದಂಡೆಗೂ ಗೋಪುರಕ್ಕೂ ನಡುವೆ ಇರುವುದು ಕಬ್ಬಿಣದ ಒಂದು ಕಾಲುಸೇತುವೆ. ಎದುರಿನಿಂದ ಯಾರಾದರೂ ಬಂದರೆ ಮೈ ಓರೆ ಮಾಡಿ ದಾರಿ ಬಿಡಬೇಕು, ಅಷ್ಟು ಕಿರಿದು.

ದೊಡ್ಡ ನೆರೆ ಬಂದರೆ ಆ ಸೇತುವೆ ಮುಳುಗುತ್ತದೆ. ಆದರೂ ಪಂಪು ನಿಲ್ಲಬಾರದು. ಆದ್ದರಿಂದ ಸೇತುವೆ ಮುಳುಗುವ ಮೊದಲೇ ಇಬ್ಬರು ಆಪರೇಟರುಗಳು ಚುರಮುರಿ, ಶೇಂಗಾ, ಖಡಕ್ ರೊಟ್ಟಿ ಕಟ್ಟಿಕೊಂಡು ಒಳಗೆ ಹೋಗಿ, ನೀರು ಇಳಿಯುವವರೆಗೆ ಅಲ್ಲೇ ಇದ್ದುಬಿಡುವುದು ರೂಢಿ. ಹಿಂದಿನ ಮಳೆಗಾಲದಲ್ಲಿ ತೇಲಿ ಬಂದ ಮರದ ಬೊಡ್ಡೆಯೊಂದು ಸೇತುವೆಗೆ ಬಡಿದು ಒಂದು ಬದಿಯ ಕೈಕಂಬಿಯನ್ನೇ ಕಿತ್ತುಕೊಂಡು ಹೋಗಿತ್ತು. ಅದನ್ನು ಕಣ್ಣಾರೆ ಕಂಡ ಎಂಜಿನಿಯರರು ಇನ್ನು ಮುಂದೆ ನೆರೆಯಲ್ಲಿ ಒಳಗೆ ಯಾರೂ ಇರಕೂಡದು ಎಂದು ಹಟ ಹಿಡಿದರು. ಮುದ್ದೇಬಿಹಾಳದ ಕಡೆಯವರು ಅವರು, ಕೃಷ್ಣೆಯ ಹಿನ್ನೀರು ನೋಡಿ ಬೆಳೆದವರು. ಜಾಕ್‌ವೆಲ್ಲಿಗೆ ಕ್ಯಾಮೆರಾ ಹಾಕಿ ದಿಬ್ಬದ ಮೇಲಿನ ನಿಯಂತ್ರಣ ಕೋಣೆಯಿಂದಲೇ ಎಲ್ಲ ನೋಡುವಂತೆ, ಮೋಟಾರು ನಡೆಸುವಂತೆ ಮಾಡುವ ಕೆಲಸ ಇಂಡಿ ಪಟ್ಟಣದಲ್ಲಿ ಕ್ಯಾಮೆರಾ ಕೂರಿಸುವ ಕೆಲಸ ಮಾಡಿಕೊಂಡಿದ್ದ ನನಗೆ ಬಂತು.

ಮೂರು ಕ್ಯಾಮೆರಾ. ಒಂದು ಹೊರಗೋಡೆಗೆ ಬಳಿದ ಅಳತೆಪಟ್ಟಿಯನ್ನು ನೋಡಬೇಕು, ಹೊಳೆ ಎಷ್ಟು ಏರಿತೆಂದು ತಿಳಿಯಲು. ಇನ್ನೊಂದು ಒಳಗಿನ ಮೋಟಾರುಗಳನ್ನೂ ಪ್ಯಾನೆಲ್ಲಿನ ಮುಳ್ಳುಗಳನ್ನೂ ನೋಡಬೇಕು. ಮೂರನೆಯದು ಸೇತುವೆಯನ್ನು. ಗೋಪುರದ ನೆತ್ತಿಯ ಮೇಲಿನ ಚಿಕ್ಕ ಡಿಶ್ ಈ ಚಿತ್ರಗಳನ್ನು ಗಾಳಿಯಲ್ಲೇ ದಂಡೆಯ ಕಂಬದ ಮೇಲಿನ ಡಿಶ್ಶಿಗೆ ಕಳಿಸುತ್ತದೆ. ಅಲ್ಲಿಂದ ಪೈಪಿನ ಗುಂಟ ಹೂತ ಕೇಬಲ್ಲಿನಲ್ಲಿ ದಿಬ್ಬಕ್ಕೆ ಬರುತ್ತವೆ. ಮೋಟಾರಿಗೆ ಕೊಡುವ ಆಜ್ಞೆ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಚಿತ್ರದಷ್ಟು ಗಟ್ಟಿ ಸಿಗ್ನಲ್ ಬೇಕಿಲ್ಲ.

ಕಾಗದದ ಮೇಲೆ ಸುಲಭ. ಮೋಟಾರು ಶುರುವಾದ ಕೂಡಲೇ ಪರದೆಯ ಮೇಲಿನ ಚಿತ್ರ ಚಳಿಜ್ವರ ಬಂದವರಂತೆ ನಡುಗಿತು. ಕ್ಯಾಮೆರಾ ಕೂರಿಸಿದ್ದ ಉಕ್ಕಿನ ತೊಲೆಯ ಮೇಲೆಯೇ ಮೋಟಾರೂ ಕುಳಿತಿತ್ತು. ಕ್ಯಾಮೆರಾ ಬಿಚ್ಚಿ ಕಾಂಕ್ರೀಟ್ ಗೋಡೆಗೆ ಹಾಕಿ, ಹಿಂದೆ ಲಾರಿ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟ ಮೇಲೆ ನಡುಕ ನಿಂತಿತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಚಿತ್ರವೇ ಹೋಗಿಬಿಡುತ್ತಿತ್ತು. ರೇಡಿಯೊ ಇಟ್ಟಿದ್ದ ತಗಡಿನ ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಅದರ ಮೇಲೆ ಗಾಳಿಯಾಡಲು ಜಾಗ ಬಿಟ್ಟು ಇನ್ನೊಂದು ತಗಡಿನ ಮಾಡು ಹೊದಿಸಿದೆ. ಮಳೆ ಶುರುವಾದಾಗ ಗಾಜಿನ ಒಳಮೈಗೆ ಬೆವರು ಕೂತು ನದಿಯೆಲ್ಲ ಮಂಜಾಗಿ ಕಂಡಿತು. ಕ್ಯಾಮೆರಾಕ್ಕೆ ವೈರು ಮೇಲಿನಿಂದ ಇಳಿಯುತ್ತಿತ್ತು, ಅದರ ಗುಂಟ ನೀರೂ ಇಳಿಯುತ್ತಿತ್ತು. ವೈರನ್ನು ಕೆಳಗಿನಿಂದ ತಂದು, ಒಳಗೆ ತೇವ ಹೀರುವ ಪುಡಿಯ ಪೊಟ್ಟಣವಿಟ್ಟು ಮುಚ್ಚಿದೆ. ಆಮೇಲೆ ಕ್ಯಾಮೆರಾದ ಬೆಳಕಿಗೆ ಹುಳ ಬಂದವು, ಹುಳಕ್ಕಾಗಿ ಜೇಡ ಬಂದವು.

"ತಂಗಿ, ನಿನ್ನ ಕ್ಯಾಮೆರಾದಾಗ ಜೇಡ ಸಂಸಾರ ಹೂಡೇತಿ ನೋಡವಾ," ಎಂದರು ಹಿರಿಯ ಆಪರೇಟರರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಭೀಮೆಯ ಮೇಲೆಯೇ ಅವರ ನೌಕರಿಯೆಲ್ಲ ಕಳೆದಿತ್ತು. ಕ್ಯಾಮೆರಾದ ಬೆಳಕು ಆರಿಸಿ, ದೂರದಲ್ಲಿ ಬೇರೆ ದೀಪ ಹಾಕಿದ ಮೇಲೆ ಜೇಡ ಅಲ್ಲಿಗೆ ಸಂಸಾರ ಎತ್ತಿಕೊಂಡು ಹೋಯಿತು.

ಅಳತೆಪಟ್ಟಿಯ ಮೇಲೆ ನಾವೆಲ್ಲ ಸೇರಿ ಒಂದು ಕೆಂಪು ಗೆರೆ ಎಳೆದೆವು. ಸೇತುವೆಯ ಹಲಗೆಗಿಂತ ಒಂದಾಳು ಕೆಳಗೆ. ನೀರು ಗೆರೆ ಮುಟ್ಟಿದರೆ ನಿಯಂತ್ರಣ ಕೋಣೆಯಿಂದ ಫೋನು ಹೋಗಬೇಕು, ಒಳಗಿದ್ದವರು ಮೋಟಾರನ್ನು ಕೋಣೆಯ ವಶಕ್ಕೆ ಬಿಟ್ಟು ದಂಡೆಗೆ ಬರಬೇಕು. ಪಟ್ಟಿ ಇದ್ದದ್ದು ಹೊರಗೋಡೆಗೆ. ಒಳಗೆ ಕೆಲಸ ಮಾಡುವವರಿಗೆ ಹೊರಗೆ ಬಂದು ಬಗ್ಗದೆ ಅದು ಕಾಣುತ್ತಿರಲಿಲ್ಲ. ಕ್ಯಾಮೆರಾಕ್ಕೆ ಕಾಣುತ್ತದಲ್ಲ ಎಂದುಕೊಂಡೆವು.

ಆ ವಾರ ನಮ್ಮ ಕಡೆಯೂ ಮಳೆ ಬಿಡದೆ ಹಿಡಿದಿತ್ತು. ಮೇಲೆ ಮಹಾರಾಷ್ಟ್ರದಿಂದ ಹೊಳೆಗೆ ನೀರು ಬಿಟ್ಟಿದ್ದಾರೆ, ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಮುಟ್ಟುತ್ತದೆ ಎಂಬ ಸುದ್ದಿ ಬಂತು. ಬೆಳಿಗ್ಗೆಯೇ ನಾನು ದಿಬ್ಬದ ಕೋಣೆಗೆ ಹೋಗಿ ಪರದೆಯ ಮುಂದೆ ಕುಳಿತೆ. ಎಂಜಿನಿಯರರು ಹಿಂದೆ ನಿಂತಿದ್ದರು. ಒಳಗೆ ಕಾಕಾ ಮತ್ತು ಅವರ ಜೊತೆಗಾರ ಆಪರೇಟರು ಇದ್ದರು. ನೀರು ಗೆರೆಯಿಂದ ಸಾಕಷ್ಟು ಕೆಳಗಿತ್ತು.

"ಇನ್ನಾ ಟೈಮ್ ಐತ್ರಿ ಮೇಡಂ. ಊರಿನ ಟಾಕಿಗೋಳು ತುಂಬೂತನಾ ಅವರ ಅಲ್ಲೇ ಇರ್ಲಿ," ಎಂದರು ಎಂಜಿನಿಯರರು.

ಹೊತ್ತು ಏರಿತು. ಚಹ ಕುಡಿದೆವು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, ನೀರು ಇದ್ದಲ್ಲೇ ಇತ್ತು. ಮೇಲಿನ ನೀರು ಇನ್ನೂ ಬಂದಿಲ್ಲ ಎಂದು ಇಬ್ಬರೂ ಸಮಾಧಾನದಲ್ಲಿದ್ದೆವು.

ಕೋಣೆಯ ಕಿಟಕಿ ಗಾಳಿಗೆ ಧಡ್ ಎಂದು ಬಡಿಯಿತು. ಎದ್ದು ಹಾಕಲು ಹೋದೆ. ಹೊರಗೆ ಜಾಲಿಯ ಗಿಡಗಳು ನೆಲ ಮುಟ್ಟುವಂತೆ ಬಾಗುತ್ತಿದ್ದವು. ಕಿಟಕಿ ಹಾಕಿ ತಿರುಗಿದಾಗ ಕಣ್ಣು ಮೂರನೆಯ ಚಿತ್ರದ ಮೇಲೆ ಬಿತ್ತು. ಬೆಳಿಗ್ಗೆ ಮಳೆ ತುಸು ಬಿಟ್ಟಾಗ ಕಾಕಾ ಸೇತುವೆಯ ಕೈಕಂಬಿಗೆ ತಮ್ಮ ಟವೆಲ್ ಗಂಟು ಹಾಕಿ ಒಣಹಾಕಿದ್ದರು. ಅದು ಗಾಳಿಗೆ ಎದ್ದು, ಒಂದು ತುದಿ ಮೇಲಕ್ಕೆ ಚಾಚಿಕೊಂಡಿತ್ತು. ಚಾಚಿಕೊಂಡೇ ಇತ್ತು. ಕೆಳಗೆ ಬೀಳಲಿಲ್ಲ.

ನಾನು ಹತ್ತಿರ ಹೋಗಿ ನೋಡಿದೆ. ಮೂರೂ ಚಿತ್ರಗಳು ಅಲುಗಾಡದೆ ನಿಂತಿದ್ದವು. ಮೂಲೆಯ ಗಡಿಯಾರ ಕ್ಯಾಮೆರಾದ್ದಲ್ಲ, ನಮ್ಮ ಕೋಣೆಯಲ್ಲಿ ಚಿತ್ರ ದಾಖಲಿಸುವ ರೆಕಾರ್ಡರ್ ತಾನೇ ಚಿತ್ರದ ಮೇಲೆ ಬರೆಯುತ್ತಿದ್ದದ್ದು. ಅದು ಓಡುತ್ತಲೇ ಇರುತ್ತದೆ. ಚಿತ್ರ ಬರುವುದು ಪೂರಾ ನಿಂತರೆ ಪರದೆ ಕಪ್ಪಾಗುತ್ತದೆ, ಅದನ್ನು ಪರೀಕ್ಷೆ ಮಾಡಿಯೇ ಇದ್ದೆವು. ಆದರೆ ಸಂಪರ್ಕ ಪೂರಾ ಕಡಿಯದೆ ಉಸಿರು ಹಿಡಿದುಕೊಂಡು ಉಳಿದರೆ ಆ ಯಂತ್ರ ಕೊನೆಗೆ ಸಿಕ್ಕ ಚಿತ್ರವನ್ನೇ ತೋರಿಸುತ್ತ ಕೂರುತ್ತದೆ ಎಂಬುದು ಆ ಗಳಿಗೆಯಲ್ಲಿ ತಿಳಿಯಿತು. ನಾವು ನೋಡುತ್ತಿದ್ದದ್ದು ಯಾವಾಗಿನ ಹೊಳೆಯೋ ಏನೋ.

ಕಾಕಾಗೆ ಫೋನು ಹಚ್ಚಿದೆ. ಹೊಳೆಯ ಮೇಲೆ ಸಿಗ್ನಲ್ ಸಿಗುವುದೇ ಕಷ್ಟ. ಪುಣ್ಯಕ್ಕೆ ಹೋಯಿತು.

"ಕಾಕಾ, ನೀರ ಎಲ್ಲಿಗೆ ಬಂದೈತಿ?"

"ಯಾಕವಾ, ನಿನಗ ಕಾಣಾಕತ್ತಿಲ್ಲೇನು?"

"ಹೊರಗ ಹೋಗಿ ಬಗ್ಗಿ ನೋಡಿ ಹೇಳ್ರಿ."

"ಪಂಪಿನಾಗ ನೀರ ಸೋರಾಕತ್ತಿತ್ತು, ಅದನ್ನ ಬಿಗಿ ಮಾಡಾಕತ್ತೇವಿ. ನೀವು ನೋಡಾಕತ್ತೀರಿ ಅಂತ ನಾವು ಹೊರಗ ಹೋಗೇ ಇಲ್ಲ. ತಡಿ."

ಮೋಟಾರಿನ ಸದ್ದು ಸ್ವಲ್ಪ ದೂರವಾಯಿತು, ಗಾಳಿಯ ಸದ್ದು ಬಂತು.

"ತಂಗಿ, ಕೆಂಪ ಗೆರಿ ಕಾಣವಲ್ದು."

"ಕಾಣವಲ್ದು ಅಂದ್ರ?"

"ನೀರಾಗ ಹೋಗೇತಿ."

ಎಂಜಿನಿಯರರು ಫೋನು ಕಸಿದುಕೊಂಡರು. "ಯಜಮಾನ್ರ, ಮೋಟಾರ್ ಬಂದ್ ಮಾಡ್ರಿ. ಸ್ವಿಚ್ಚು ರಿಮೋಟಿಗೆ ತಿರುವ್ರಿ. ಇಬ್ಬರೂ ಈಗಿಂದೀಗ ದಂಡಿಗೆ ಬರ್ರಿ. ಸಾಮಾನ ಕಟ್ಕೋತ ಕುಂದರಬ್ಯಾಡ್ರಿ."

ಎಂಜಿನಿಯರರೂ ನಾನೂ ಜೀಪು ಹತ್ತಿ ಹೊಳೆಯ ಕಡೆ ಹೊರಟೆವು. ರಸ್ತೆಯ ಎರಡೂ ಕಡೆ ಕಬ್ಬು ಮಲಗಿತ್ತು, ಕೆಸರಿನಲ್ಲಿ ಚಕ್ರ ಅತ್ತಿತ್ತ ಜಾರುತ್ತಿತ್ತು. ನೀವು ನೋಡಾಕತ್ತೀರಿ ಅಂತ ನಾವು ಹೊರಗ ಹೋಗೇ ಇಲ್ಲ. ಆ ಮಾತು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ. ಕ್ಯಾಮೆರಾ ಇಲ್ಲದ ವರ್ಷಗಳಲ್ಲಿ ಅವರು ಘಳಿಗೆಗೊಮ್ಮೆ ಹೊರಗೆ ಬಂದು ಹೊಳೆ ನೋಡುತ್ತಿದ್ದರು.

ನಾವು ಮುಟ್ಟಿದಾಗ ಇಬ್ಬರೂ ಸೇತುವೆಯ ನಡುಮಧ್ಯದಲ್ಲಿದ್ದರು. ಕೆಂಚುಬಣ್ಣದ ನೀರು ಕೆಳಗಿನಿಂದ ಹಲಗೆಗೆ ಬಡಿದು ಸಂದುಗಳಲ್ಲಿ ಚಿಮ್ಮುತ್ತಿತ್ತು. ಕಸ, ಅಂತರಗಂಗೆ, ಯಾರದೋ ಹೊಲದ ಬೇಲಿ ಒಂದಕ್ಕೊಂದು ಹೆಣೆದುಕೊಂಡು ಬಂದು ಸೇತುವೆಗೆ ತಾಗಿದವು. ಕಬ್ಬಿಣವೆಲ್ಲ ಗುಂಯ್ ಎಂದಿತು. ಕಾಕಾ ಜೊತೆಗಾರನ ತೋಳು ಹಿಡಿದು ನಿಂತರು. ಸದ್ದು ನಿಂತ ಮೇಲೆ ಮತ್ತೆ ಹೆಜ್ಜೆ ಇಟ್ಟರು. ಓಡಲಿಲ್ಲ. ಓಡಿದ್ದರೆ ಜಾರುತ್ತಿದ್ದರು.

ದಂಡೆಯ ಮೇಲೆ ಕಾಕಾನ ಹೆಂಡತಿ ಮೊದಲೇ ಬಂದು ನಿಂತಿದ್ದರು. ತಲೆಯ ಮೇಲಿನ ಸೆರಗು ಮಳೆಗೆ ಅಂಟಿಕೊಂಡಿತ್ತು. ಗಂಡ ನೆಲದ ಮೇಲೆ ಕಾಲಿಟ್ಟ ಕೂಡಲೇ ಅವರು ಕೇಳಿದ್ದು, "ಟವೆಲ್ ಎಲ್ಲೈತ್ರಿ?"

"ಅಲ್ಲೇ ಉಳೀತು."

"ಹೊಸಾದಿತ್ತಲ್ರಿ ಅದು!" ಎಂದು ಗದರಿದವರು ಹಾಗೇ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು. ಕಾಕಾ ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ನಾನು ಜೀಪಿಗೆ ಒರಗಿ ನಿಂತೆ.

ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಎಂಜಿನಿಯರರಿಗೆ ಮೇಲಿನ ಅಧಿಕಾರಿಯ ಫೋನು ಬಂತು. ಪಂಪು ಯಾಕೆ ನಿಂತಿದೆ? ಸೇತುವೆ ಇನ್ನೂ ಮುಳುಗಿಲ್ಲವಲ್ಲ, ಇನ್ನೊಂದೆರಡು ತಾಸು ಆಳುಗಳನ್ನು ಕಳಿಸಿದರೆ ಟಾಕಿಗಳು ತುಂಬುವುದಿಲ್ಲವೇ? ಫೋನಿನ ಬಾಯಿಗೆ ಅಂಗೈ ಮುಚ್ಚಿ ಎಂಜಿನಿಯರರು ನನ್ನ ಕಡೆ ತಿರುಗಿದರು.

"ಮೇಡಂ, ಒಂದ ಮಾತ ಖರೇ ಹೇಳ್ರಿ. ಆ ಪರದೆ ನಂಬಿ ನಾ ಕೋಣಿಯಿಂದ ಮೋಟಾರ್ ಚಾಲೂ ಮಾಡ್ಲ್ಯೋ ಬ್ಯಾಡೋ?"

ಇಷ್ಟು ತಿಂಗಳು ಬಿಸಿಲು ಮಳೆಯೆನ್ನದೆ ಕಟ್ಟಿದ್ದನ್ನು ನಂಬಬೇಡಿ ಎಂದು ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಆದರೆ ಒಳಗೆ ಏನಾಗುತ್ತಿದೆಯೆಂದು ಕಾಣದೆ ಮೋಟಾರು ನಡೆಸಿದರೆ, ನೀರು ಒಳಬರುವ ಜಾಲರಿಗೆ ಕಸ ತುಂಬಿ ಪಂಪು ನೀರಿಲ್ಲದೆ ಓಡಿ ಸುಟ್ಟುಹೋಗಬಹುದು. ಆಮೇಲೆ ವಾರಗಟ್ಟಲೆ ಯಾವ ಹಳ್ಳಿಗೂ ನೀರಿಲ್ಲ.

"ಈಗ ಬ್ಯಾಡ್ರಿ. ಚಿತ್ರ ಸರಿ ಮಾಡೂತನಾ ಬ್ಯಾಡ."

ಅವರು ಅಂಗೈ ತೆಗೆದು ಫೋನಿನಲ್ಲಿ ಹೇಳಿದರು: "ಸರ್, ಪಂಪ್ ಬಂದ್ ಇಡ್ತೇನಿ. ಮಂದೀನ್ನ ಒಳಗ ಕಳಸಂಗಿಲ್ರಿ. ನೀರ ಬರ್ಲಿಲ್ಲ ಅಂತ ಊರವರು ನನಗ ಬೈತಾರ. ಬೈಲಿ." ಫೋನು ಕಿಸೆಗೆ ಹಾಕಿ, "ಹೇಳ್ರಿ, ಏನ ಮಾಡೂಣು?" ಎಂದರು.

ದಂಡೆಯ ಮೇಲಿನ ಕಂಬದ ಹತ್ತಿರ ಹೋದೆವು. ನೋಡಿದ ಕೂಡಲೇ ಗೊತ್ತಾಯಿತು. ಕಂಬ ಓರೆಯಾಗಿತ್ತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿದು ಬಾಯಿಬಿಡುತ್ತದೆ, ಮಳೆ ಹಿಡಿದರೆ ಉಬ್ಬುತ್ತದೆ. ಇಂಡಿಯ ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಉಬ್ಬಿದ ಮಣ್ಣು ಕಂಬದ ಬುಡವನ್ನು ಒಂದು ಕಡೆಯಿಂದ ಎತ್ತಿತ್ತು, ತುದಿಯ ಡಿಶ್ ಗೋಪುರ ಬಿಟ್ಟು ಆಕಾಶ ನೋಡುತ್ತಿತ್ತು. ಎಲ್ಲರೂ ಸೇರಿ ನೂಕಿದರೆ ನೆಟ್ಟಗಾಗುತ್ತಿತ್ತು, ಕೈ ಬಿಟ್ಟರೆ ಮತ್ತೆ ವಾಲುತ್ತಿತ್ತು. ಹಗ್ಗ ಎಳೆದು ಗೂಟ ಬಡಿದೆವು. ಗೂಟಗಳು ಕೆಸರಿನಿಂದ ಹಲ್ಲು ಕಿತ್ತಂತೆ ಎದ್ದು ಬಂದವು. ಆ ಕಂಬವನ್ನು ಆಮೇಲೆ, ಹೊಳೆ ಇಳಿದ ಮೇಲೆ, ಗಟ್ಟಿ ಗರಸು ಸಿಗುವವರೆಗೆ ಅಗೆದು ನಿಲ್ಲಿಸಿದೆವು. ಆದರೆ ಅವತ್ತು ಅಗೆಯುವ ಮಾತೇ ಇರಲಿಲ್ಲ.

ಗೋಪುರದ ಮೇಲಿನ ಡಿಶ್ಶನ್ನು ತಿರುಗಿಸಲು ಅಲ್ಲಿ ಯಾರೂ ಇಲ್ಲ. ಅದು ಯಾವ ಕಡೆ ಮುಖ ಮಾಡಿದೆಯೋ ಆ ದಿಕ್ಕಿನಲ್ಲೇ, ಅಲುಗಾಡದ ಜಾಗವೊಂದನ್ನು ಹುಡುಕಬೇಕು. ಕಂಬದ ಹಿಂದೆ, ಸ್ವಲ್ಪ ಎತ್ತರದಲ್ಲಿ, ಒಂದು ಸ್ಲ್ಯಾಬಿನ ಮನೆಯಿತ್ತು. ಆ ಮನೆಯ ಯಜಮಾನ ಬಿಳಿ ಗಡ್ಡದ ರೈತ. ತಲೆಮಾರುಗಳಿಂದ ಆ ದಂಡೆಯಲ್ಲೇ ಉಳುತ್ತ ಬಂದ ಮುಸ್ಲಿಂ ಮನೆತನ. ಊರಿನವರೆಲ್ಲ ಚಾಚಾ ಎನ್ನುತ್ತಿದ್ದರು. ನಮ್ಮ ಓಡಾಟ ನೋಡಿ ತಾವೇ ಕೊಡೆ ಹಿಡಿದು ಬಾಗಿಲಿಗೆ ಬಂದಿದ್ದರು.

"ಚಾಚಾ, ನಿಮ್ಮ ಮಾಳಗಿ ಮ್ಯಾಲ ಇದನ್ನ ಹಚ್ಚಬೇಕಾಗೇತ್ರಿ. ಹೊಳಿ ಇಳಿಯೂತನಾ ಅಷ್ಟ."

"ಮಾಳಗಿ ಏನು, ನೆತ್ತಿ ಮ್ಯಾಲ ಹಚ್ಚು ಬೇಟಿ. ಮದ್ಲ ಮ್ಯಾಲ ಏರು, ತೊಯ್ಯಾಕತ್ತಿ."

ಕಾಕಾನ ಜೊತೆಗಾರ ಕಂಬದಿಂದ ಡಿಶ್ ಬಿಚ್ಚಿ ಹೊತ್ತುಕೊಂಡು ಏಣಿ ಹತ್ತಿದ. ನಾನು ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಂಡು ಹಿಂದೆ ಹತ್ತಿದೆ. ಕಂಬದಿಂದ ಮನೆಯವರೆಗೆ ಕೇಬಲ್ ಎಳೆದೆವು. ಮಾಳಿಗೆಯ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅವನು ಡಿಶ್ ಎದೆಗವಚಿಕೊಂಡು ನಡೆದ, ನಾನು ಸಿಗ್ನಲಿನ ಅಂಕಿ ನೋಡುತ್ತ ಎಡಕ್ಕೆ, ಬಲಕ್ಕೆ, ತುಸು ಕೆಳಗೆ ಎಂದು ಕೂಗಿದೆ. ಅಂಕಿ ಏರುತ್ತ ಬಂದು ಒಂದು ಕಡೆ ನಿಂತುಬಿಡುತ್ತಿತ್ತು. ಕಣ್ಣೆತ್ತಿ ನೋಡಿದರೆ ಗೋಪುರಕ್ಕೂ ನಮಗೂ ನಡುವೆ ಅಂಗಳದ ಬೇವಿನ ಮರದ ಒಂದು ದಪ್ಪ ಟೊಂಗೆ, ನೆನೆದ ಎಲೆಗಳ ಭಾರಕ್ಕೆ ಜೋತುಬಿದ್ದು ಅಡ್ಡ ನಿಂತಿತ್ತು. ತೊಯ್ದ ಎಲೆಗಳೆಂದರೆ ಈ ಅಲೆಗಳಿಗೆ ಗೋಡೆಯಿದ್ದಂತೆ. ಬೇರೆಯವರ ಅಂಗಳದ ನೆರಳಿನ ಮರ. ಹೇಗೆ ಕೇಳುವುದೆಂದು ನಾನು ತಡೆದು ನಿಂತೆ.

ಕೆಳಗಿನಿಂದ ಚಾಚಾ ಕೂಗಿದರು. "ಏನ ಅಡ್ಡಾತು?"

"ಟೊಂಗಿರಿ..."

ಅವರು ಒಳಗೆ ಹೋಗಿ ಕೊಡಲಿ ತಂದು ಎಂಜಿನಿಯರರ ಕೈಗೆ ಕೊಟ್ಟರು. "ಕಡೀರಿ ಸಾಹೇಬ್ರ. ಬ್ಯಾಸಗಿಗೆ ಮತ್ತ ಚಿಗಿತೈತಿ."

ಟೊಂಗೆ ನೆಲಕ್ಕೆ ಬಿದ್ದ ಸದ್ದಿಗೆ ಸರಿಯಾಗಿ ಅಂಕಿ ಜಿಗಿಯಿತು. ಜೊತೆಗಾರ ಡಿಶ್ಶನ್ನು ಮಾಳಿಗೆಯ ಕಬ್ಬಿಣದ ಸರಳಿಗೆ ಬಿಗಿದ. ಲ್ಯಾಪ್‌ಟಾಪಿನಲ್ಲಿ ಮೂರೂ ಚಿತ್ರಗಳು ಬಂದವು. ಚಾಚಾನ ಸೊಸೆ ಬಿಸಿ ಚಹ ಕಳಿಸಿದ್ದರು. ಅದನ್ನು ಕೈಯಲ್ಲಿ ಹಿಡಿದೇ ಇದ್ದೆ, ಕುಡಿಯಲು ಧೈರ್ಯವಿರಲಿಲ್ಲ. ಬಂದದ್ದು ಈಗಿನ ಚಿತ್ರವೇ? ಬೆಳಗಿನಿಂದ ಒಮ್ಮೆ ಮೋಸ ಹೋದ ಕಣ್ಣು ಸುಲಭಕ್ಕೆ ನಂಬುವುದಿಲ್ಲ.

ಎಂಜಿನಿಯರರ ಜೊತೆ ಏಣಿ ಹತ್ತಿ ಬಂದ ಕಾಕಾ ನನ್ನ ಹೆಗಲ ಮೇಲಿಂದ ಬಗ್ಗಿದರು. "ಟವೆಲ್ ಹಾರಾಕತ್ತೈತಿ ನೋಡವಾ."

ಹಾರುತ್ತಿತ್ತು. ಏಳುತ್ತಿತ್ತು, ಬೀಳುತ್ತಿತ್ತು, ಕಂಬಿಗೆ ಸುತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಎಂಜಿನಿಯರರು ಗಟ್ಟಿಯಾಗಿ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು. ನಾನು ಚಹ ಕುಡಿದೆ. ಆರಿ ಹೋಗಿತ್ತು, ಆದರೂ ಅಷ್ಟು ರುಚಿಯಾದ ಚಹ ನನಗೆ ನೆನಪಿಲ್ಲ.

ದಿಬ್ಬಕ್ಕೆ ಮರಳಿ ಮೊದಲು ಮಾಡಿದ ಕೆಲಸ ರೆಕಾರ್ಡರಿನ ಆ ಹೊಂದಿಕೆ ಬದಲಿಸಿದ್ದು. ಚಿತ್ರ ತುಸು ಹಳತಾದರೂ ಪರದೆ ಕಪ್ಪಾಗಬೇಕು. ತೋರಿಸದಿದ್ದರೂ ಚಿಂತೆಯಿಲ್ಲ, ಹಳೆಯದನ್ನು ಹೊಸದೆಂದು ತೋರಿಸಬಾರದು. ಆಮೇಲೆ ಕಾಕಾ ನನ್ನ ಪಕ್ಕದಲ್ಲಿ ಕುಳಿತು ಕೋಣೆಯಿಂದಲೇ ಮೋಟಾರು ಶುರು ಮಾಡಿದರು. ಅಷ್ಟು ದೂರದಲ್ಲಿ ಪ್ಯಾನೆಲ್ಲಿನ ಮುಳ್ಳು ಮೆಲ್ಲಗೆ ಮೇಲೆದ್ದು ನಿಂತದ್ದು ನಮ್ಮ ಕಣ್ಣಿಗೆ ಕಂಡಿತು. ಸ್ವಲ್ಪ ಹೊತ್ತಿಗೆ ಘಟಕದ ತೊಟ್ಟಿಯಲ್ಲಿ ನೀರು ಬೀಳುವ ಸದ್ದು ಕೇಳಿತು.

ಸಂಜೆಯ ಬೆಳಕು ಇರುವಾಗಲೇ ಹೊಳೆ ಸೇತುವೆಯ ಮೇಲೆ ಹರಿಯಿತು. ಮೊದಲು ಹಲಗೆ ಹೋಯಿತು, ಆಮೇಲೆ ಕೆಳಗಿನ ಕಂಬಿ, ಆಮೇಲೆ ಟವೆಲ್ ಇದ್ದ ಮೇಲಿನ ಕಂಬಿ. ನಾವು ನಾಲ್ವರೂ ನೋಡುತ್ತ ನಿಂತಿದ್ದೆವು. ಪ್ರತಿ ವರ್ಷ ಆ ಹೊತ್ತಿಗೆ ಕಾಕಾ ಸೇತುವೆಯ ಆ ತುದಿಗೆ ಇರುತ್ತಿದ್ದರು. ಈ ಸಲ ನನ್ನ ಪಕ್ಕದ ಕುರ್ಚಿಯಲ್ಲಿದ್ದರು.

ಮರುದಿನ ಬೆಳಿಗ್ಗೆ ಮುಳ್ಳು ತಡವರಿಸಿತು. ಕಾಕಾ ಜಾಲರಿಗೆ ಕಸ ಹತ್ತಿದೆಯೆಂದು ಆ ಪಂಪು ನಿಲ್ಲಿಸಿ ಇನ್ನೊಂದನ್ನು ಎಬ್ಬಿಸಿದರು. ಹೊಳೆಯೇ ಕಸ ಎತ್ತಿಕೊಂಡು ಹೋದ ಮೇಲೆ ಮತ್ತೆ ಮೊದಲಿನದು. ಪರದೆ ಒಂದೆರಡು ಸಲ ಕಪ್ಪಾಯಿತು. ಕಪ್ಪಾದಾಗಲೆಲ್ಲ ಮೋಟಾರು ನಿಲ್ಲಿಸಿದೆವು, ಬಂದಾಗ ಶುರು ಮಾಡಿದೆವು. ಹಳ್ಳಿಗಳಿಗೆ ನೀರು ಕಡಿಮೆಯಾಯಿತು, ನಿಲ್ಲಲಿಲ್ಲ.

ಅಂದು ಮಧ್ಯಾಹ್ನ ಕಾಕಾನ ಹೆಂಡತಿ ಬುತ್ತಿ ಹೊತ್ತು ಕೋಣೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಪರದೆ ಕಂಡು ನಿಂತುಬಿಟ್ಟರು.

"ಇದು ಯಾವ ಹೊಳಿರಿ?"

"ನಮ್ಮದ," ಎಂದರು ಕಾಕಾ.

"ನೀವು ಕುಂದರತಿದ್ದದ್ದು ಎಲ್ಲಿ?"

ಕಾಕಾ ಪ್ಯಾನೆಲ್ಲಿನ ಪಕ್ಕದ ಒಂದು ಸಣ್ಣ ಬೆಂಚನ್ನು ಬೆರಳಿಟ್ಟು ತೋರಿಸಿದರು. ಹೆಂಡತಿ ಆ ಬೆಂಚು ನೋಡಿದರು, ಗೋಡೆಯ ಗುಂಟ ಇಳಿಯುತ್ತಿದ್ದ ನೀರು ನೋಡಿದರು. ಆಮೇಲೆ ಮೂರನೆಯ ಚಿತ್ರ ನೋಡಿದರು. ಅಲ್ಲಿ ಸೇತುವೆಯೇ ಇರಲಿಲ್ಲ, ನೀರಿನ ಮೇಲೆ ಒಂದು ನೆರಿಗೆ ಮಾತ್ರ ಇತ್ತು.

"ಇಷ್ಟ ವರ್ಷ ಇದರಾಗ ಕುಂತ, ಆರಾಮ ಅದೇನಿ, ತಂಪ ಗಾಳಿ ಬರ್ತೈತಿ ಅಂತ ಫೋನಿನಾಗ ಹೇಳ್ತಿದ್ರಲ್ಲ?"

"ಗಾಳಿ ಬರ್ತಿತ್ತು ಮತ್ತ," ಎಂದರು ಕಾಕಾ, ತಲೆ ತಗ್ಗಿಸಿ.

ಅವರ ಹೆಂಡತಿ ಬುತ್ತಿ ಬಿಚ್ಚಿ ರೊಟ್ಟಿ, ಝುಣಕ, ಮೊಸರು ನಮ್ಮೆಲ್ಲರ ಮುಂದೆ ಇಟ್ಟರು. ನಾನು ಪರದೆಯ ಮೇಲೆ ಕಣ್ಣಿಟ್ಟೇ ಒಂದು ಚೂರು ರೊಟ್ಟಿ ಮುರಿದೆ. ಅವರು ನನ್ನ ಭುಜ ಹಿಡಿದು ಕುರ್ಚಿಯನ್ನು ಊಟದ ಕಡೆ ತಿರುಗಿಸಿದರು. ಆಮೇಲೆ ತಾವು ಒಂದು ಸ್ಟೂಲು ಎಳೆದುಕೊಂಡು ಪರದೆಯ ಎದುರು ಕುಳಿತರು.

"ನೀವೆಲ್ಲಾರೂ ಉಣ್ರಿ," ಎಂದರು. "ಹೊಳಿ ನಾ ನೋಡ್ಕೋತೇನಿ."